ಮಸ್ಕಿಯಿಂದ ಸಾಣಾಪುರಕ್ಕೆ: ವಿದ್ಯುತ್ತಿಗೆ ಹೊರಳುವ ದೋಣಿಗಳ ದಾರಿ

ವಿಹಾರದ ಮೋಟಾರು ದೋಣಿಯನ್ನು ವಿದ್ಯುತ್ತಿಗೆ ಬದಲಿಸುವುದೆಂದರೆ ದೋಣಿಯ ಒಡಲನ್ನು ಹಾಗೇ ಉಳಿಸಿಕೊಂಡು, ಅದರ ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಕಳಚಿ, ಆ ಜಾಗದಲ್ಲಿ ಮೋಟಾರು, ಕಂಟ್ರೋಲರ್ ಮತ್ತು ಬ್ಯಾಟರಿ ಕೂರಿಸುವುದು. ಕೈಕೆಲಸದ ಮಟ್ಟಿಗೆ ಇದು ಅಷ್ಟೇನೂ ಕಷ್ಟದ್ದಲ್ಲ. ಕಷ್ಟವಿರುವುದು ಅದಕ್ಕೂ ಮೊದಲಿನ ಲೆಕ್ಕದಲ್ಲಿ. ದೋಣಿ ಓಡುವ ನೀರು ನಿಂತದ್ದೋ ಹರಿಯುವುದೋ, ಒಂದು ಸುತ್ತು ಎಷ್ಟು ದೂರ, ಎಷ್ಟು ವೇಗ ಬೇಕು, ಸಂಜೆ ದೋಣಿ ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಾಗದೆ ಬ್ಯಾಟರಿ ಕೊಳ್ಳಲು ಹೋದರೆ ಹಣವೂ ಹೋಗುತ್ತದೆ, ದೋಣಿಯೂ ದಂಡೆಯಲ್ಲೇ ಉಳಿಯುತ್ತದೆ. ಈ ಪ್ರಶ್ನೆಗಳಿಗೆ ನೀರಿನಿಂದ ನೀರಿಗೆ ಉತ್ತರ ಹೇಗೆ ಬದಲಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಲು ಮಸ್ಕಿ ಸುತ್ತಲಿನ ಸೀಮೆಗಿಂತ ಒಳ್ಳೆಯ ಜಾಗ ಕಡಿಮೆ.

ಮಸ್ಕಿ ಎಂದೊಡನೆ ನೆನಪಾಗುವುದು ಬಂಡೆಯ ಮೇಲಿನ ಅಶೋಕನ ಶಾಸನ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಅದನ್ನು ಗುರುತಿಸಿದ ಮೇಲೆ, ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದು ಖಚಿತವಾಯಿತು. ಊರು ಇರುವುದು ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡಿನಲ್ಲಿ. ಒಣ ಭೂಮಿ, ಕರಿ ಮಣ್ಣು, ಅಲ್ಲಲ್ಲಿ ಬೋಳು ಗುಡ್ಡ. ಊರ ಪಕ್ಕದ ಮಸ್ಕಿ ಹಳ್ಳಕ್ಕೆ ಮಾರಲದಿನ್ನಿಯ ಬಳಿ ಅಣೆಕಟ್ಟು ಕಟ್ಟಿದ್ದರೂ ಹಳ್ಳ ವರ್ಷದ ಬಹುಪಾಲು ಸೊರಗಿಯೇ ಇರುತ್ತದೆ. ಆದರೆ ಇಲ್ಲಿಂದ ಉತ್ತರಕ್ಕೆ ಲಿಂಗಸುಗೂರು ದಾಟಿದರೆ ಕೃಷ್ಣೆ, ದಕ್ಷಿಣಕ್ಕೆ ಸಿಂಧನೂರು, ಕಾರಟಗಿ, ಗಂಗಾವತಿ ಹಾದು ಹೋದರೆ ತುಂಗಭದ್ರೆ. ಒಂದೇ ಊರಿನಿಂದ ಎರಡು ದಿಕ್ಕಿಗೆ ಹೊರಟರೆ ಸಿಗುವ ಈ ಎರಡು ನೀರುಗಳ ಸ್ವಭಾವ ಒಂದಕ್ಕೊಂದು ಹೋಲುವುದಿಲ್ಲ.

ಮೊದಲು ಉತ್ತರದ ದಾರಿ. ಲಿಂಗಸುಗೂರು ತಾಲ್ಲೂಕಿನ ಜಲದುರ್ಗದ ಬಳಿ ಕೃಷ್ಣೆ ಕವಲೊಡೆದು ಬಂಡೆಗಳ ನಡುವೆ ನಡುಗಡ್ಡೆಗಳನ್ನು ಸುತ್ತಿ ಹರಿಯುತ್ತದೆ. ಬೇಸಿಗೆಯಲ್ಲಿ ಈ ಹೊಳೆಯನ್ನು ಅಲ್ಲಲ್ಲಿ ನಡೆದೇ ದಾಟಬಹುದು. ಮಳೆಗಾಲದಲ್ಲಿ ಮೇಲಿನ ನಾರಾಯಣಪುರ ಜಲಾಶಯದ ಗೇಟುಗಳು ತೆರೆದರೆ ಶೀಲಹಳ್ಳಿಯ ಸೇತುವೆ ಮುಳುಗಿ ನಡುಗಡ್ಡೆಯ ಊರುಗಳ ಸಂಪರ್ಕವೇ ಕಡಿಯುತ್ತದೆ. ಇಂಥ ಹೊಳೆಯಲ್ಲಿ ವಿಹಾರದ ದೋಣಿಗೆ ಜಾಗವಿಲ್ಲ. ವಿದ್ಯುತ್ ದೋಣಿಗಂತೂ ಇನ್ನೂ ಇಲ್ಲ, ಅದರ ಕಾರಣವನ್ನು ಅರಿತುಕೊಂಡರೆ ಮುಂದಿನದೆಲ್ಲ ಸುಲಭ. ಗಂಟೆಗೆ 8 ಕಿ.ಮೀ. ವೇಗದಲ್ಲಿ ಎದುರು ಬರುವ ನೀರಿನಲ್ಲಿ 8 ಕಿ.ಮೀ. ವೇಗದ ದೋಣಿ ಇದ್ದಲ್ಲೇ ಇರುತ್ತದೆ. ಮೋಟಾರು ಪೂರ್ತಿ ದುಡಿಯುತ್ತಿರುತ್ತದೆ, ಬ್ಯಾಟರಿ ಇಳಿಯುತ್ತಿರುತ್ತದೆ, ದಂಡೆ ಮಾತ್ರ ಹತ್ತಿರ ಬರುವುದಿಲ್ಲ. ಪ್ರವಾಹದಲ್ಲಿ ಜನರನ್ನು ಕರೆತರುವ ರಕ್ಷಣಾ ದೋಣಿಗಳಿಗೆ ಹಠಾತ್ ಶಕ್ತಿ ಬೇಕು, ಕ್ಯಾನಿನಿಂದ ಎರಡೇ ನಿಮಿಷದಲ್ಲಿ ಇಂಧನ ತುಂಬಿಕೊಳ್ಳುವಂತಿರಬೇಕು. ಅವು ಪೆಟ್ರೋಲಿನಲ್ಲೇ ಇರಲಿ ಎನ್ನುವುದು ಸರಿಯಾದ ಮಾತು.

ಕೃಷ್ಣೆಯ ದಂಡೆಯಲ್ಲಿ ಇವತ್ತಿಗೂ ಕಾಣುವ ಸವಾರಿ ಹರಿಗೋಲು. ಬೋರಲು ಹಾಕಿದ ಹರಿಗೋಲನ್ನು ಹತ್ತಿರದಿಂದ ನೋಡಬೇಕು. ಸೀಳಿದ ಬಿದಿರಿನ ಪಟ್ಟಿಗಳನ್ನು ಒಂದರೊಳಗೊಂದು ಹೆಣೆದು ಮಾಡಿದ ದೊಡ್ಡ ಬುಟ್ಟಿ, ಅಂಚಿಗೆ ದಪ್ಪನೆಯ ಬಿದಿರ ಸುತ್ತು, ಹೊರಮೈಗೆ ಬಿಗಿದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬಳಿದ ಡಾಂಬರು. ಹಿಂದೆ ಹಾಳೆಯ ಜಾಗದಲ್ಲಿ ತೊಗಲಿತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ತುಂಗಭದ್ರೆಯ ದಂಡೆಯ ಆನೆಗೊಂದಿಯ ಬಳಿ ಹದಿನೈದಿಪ್ಪತ್ತು ಜನರನ್ನು ಹೊತ್ತು ಹೊಳೆ ದಾಟಿಸುವ, ಗಿರಗಿರನೆ ಸುತ್ತುವ ಇಂಥ ತೊಗಲು ಬುಟ್ಟಿಗಳನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ಸೇತುವೆ ಬರುವ ಮೊದಲು ಅದೇ ಆನೆಗೊಂದಿಯಲ್ಲಿ ಮೋಟಾರ್ ಸೈಕಲ್ಲುಗಳೂ ಹರಿಗೋಲೇರಿ ಹೊಳೆ ದಾಟುತ್ತಿದ್ದವು. ಇಷ್ಟು ಭಾರ ಹೊರುವ ಬುಟ್ಟಿಯನ್ನು ಒಬ್ಬಿಬ್ಬರು ತಲೆಯ ಮೇಲೆ ಹೊತ್ತು ನಡೆಯಬಹುದು. ಒಂದು ಹುಟ್ಟಿನಲ್ಲಿ, ಒಬ್ಬ ಅಂಬಿಗನ ತೋಳಿನಲ್ಲಿ ಇರುವ ಅಲ್ಪ ಶಕ್ತಿಗೆ ತಕ್ಕಂತೆ ರೂಪುಗೊಂಡ ಸವಾರಿ ಇದು. ಶಕ್ತಿ ಕಡಿಮೆಯಿದ್ದರೆ ಭಾರ ಇಳಿಸಬೇಕು, ಅವಸರ ಬಿಡಬೇಕು ಎಂಬ ಇದರ ನಿಯಮವೇ ವಿದ್ಯುತ್ ದೋಣಿಯದೂ ಹೌದು.

ಆ ನಿಯಮದ ಹಿಂದಿನ ಲೆಕ್ಕ ಹೀಗಿದೆ. ನೀರನ್ನು ಸೀಳಿಕೊಂಡು ಸಾಗುವ ದೋಣಿಗೆ ಬೇಕಾದ ಶಕ್ತಿ, ವೇಗದ ಘನಕ್ಕೆ ಸರಿಸುಮಾರು ಅನುಗುಣವಾಗಿ ಏರುತ್ತದೆ. ಗಂಟೆಗೆ 10 ಕಿ.ಮೀ. ಹೋಗುತ್ತಿದ್ದ ದೋಣಿಯನ್ನು 8ಕ್ಕೆ ಇಳಿಸಿದರೆ ವೇಗ ಐದರಲ್ಲಿ ಒಂದು ಪಾಲು ಕಡಿಮೆಯಾಯಿತು, ಶಕ್ತಿಯ ಖರ್ಚು ಅರ್ಧಕ್ಕೆ ಇಳಿಯಿತು. ಅದೇ ಬ್ಯಾಟರಿಯಲ್ಲಿ ಅದು ಒಂದೂವರೆ ಪಟ್ಟು ದೂರ ಹೋಗಬಲ್ಲದು. ಇನ್ನೊಂದು ಮಿತಿ ದೋಣಿಯ ಉದ್ದದ್ದು. ನೀರಿಗೆ ತಾಗುವ ಉದ್ದ 6 ಮೀಟರ್ ಇರುವ ದೋಣಿ ಗಂಟೆಗೆ ಸುಮಾರು 11 ಕಿ.ಮೀ. ಮುಟ್ಟುವಷ್ಟರಲ್ಲಿ ತಾನೇ ಎಬ್ಬಿಸಿದ ಅಲೆಯ ಹಿಂದೆ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಮುಂದೆ ಎಂಜಿನ್ ಎಷ್ಟು ಅರಚಿದರೂ ಇಂಧನ ಹೆಚ್ಚು ಸುಡುತ್ತದೆ, ವೇಗ ಹೆಚ್ಚುವುದಿಲ್ಲ. ಪೆಟ್ರೋಲಿನ ಧಾರಾಳದಲ್ಲಿ ಈ ನಷ್ಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್‌ನಷ್ಟು ಶಕ್ತಿ ಅಡಗಿದೆ. ಮನೆಯ ಕರೆಂಟ್ ಬಿಲ್ಲಿನಲ್ಲಿ ಕಾಣುವುದೂ ಇದೇ ಯೂನಿಟ್. ಸಣ್ಣ ಎಂಜಿನ್ ಅದರ ಐದರಲ್ಲಿ ಒಂದು ಪಾಲನ್ನಷ್ಟೇ ಪ್ರೊಪೆಲ್ಲರಿಗೆ ಮುಟ್ಟಿಸುತ್ತದೆ, ಉಳಿದದ್ದು ಬಿಸಿಯಾಗಿ ಹೊಗೆಯಾಗಿ ಹೋಗುತ್ತದೆ. ಹಳೆಯ ಟೂ-ಸ್ಟ್ರೋಕ್ ಎಂಜಿನ್ನುಗಳಲ್ಲಂತೂ ಪೆಟ್ರೋಲ್ ಮತ್ತು ಆಯಿಲ್ಲಿನ ಕಾಲು ಭಾಗದಷ್ಟು ಉರಿಯದೆಯೇ ನೀರು ಸೇರುತ್ತದೆ. ವಿದ್ಯುತ್ ಮೋಟಾರು ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲನ್ನು ಕೆಲಸಕ್ಕೆ ಹಚ್ಚುತ್ತದೆ. ಆದರೆ 10 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಯ ತೂಕವೇ ಸುಮಾರು 100 ಕೆ.ಜಿ. ಆದ್ದರಿಂದ ಟ್ಯಾಂಕಿನ ಪೆಟ್ರೋಲಿಗೆ ಸಮನಾದ ಬ್ಯಾಟರಿ ಹಾಕುತ್ತೇನೆಂದು ಹೊರಟವರ ದೋಣಿಯಲ್ಲಿ ಜನ ಕೂರಲು ಜಾಗ ಉಳಿಯುವುದಿಲ್ಲ. ದಿನದ ಓಡಾಟಕ್ಕೆ ಎಷ್ಟು ಬೇಕೋ ಅಷ್ಟು, ಅದರ ಮೇಲೆ ಮೂರರಲ್ಲೊಂದು ಪಾಲು ಆಪತ್ತಿಗೆ. ಅಳತೆ ಇಷ್ಟೇ ಇರಬೇಕು.

ವಿದ್ಯುತ್ ದೋಣಿ ಹೊಸದೇನೂ ಅಲ್ಲ. ರಷ್ಯಾದಲ್ಲಿ ನೆಲೆಸಿದ್ದ ವಿಜ್ಞಾನಿ ಮೊರಿಟ್ಜ್ ಜಾಕೋಬಿ 1838ರಲ್ಲೇ ಸೇಂಟ್ ಪೀಟರ್ಸ್‌ಬರ್ಗಿನ ನೇವಾ ನದಿಯಲ್ಲಿ ಬ್ಯಾಟರಿಯ ಬಲದಿಂದ ದೋಣಿ ಓಡಿಸಿದ. 1881ರಲ್ಲಿ ಪ್ಯಾರಿಸಿನ ಗುಸ್ತಾವ್ ತ್ರೂವೆ ಸೀನ್ ನದಿಯಲ್ಲಿ ದೋಣಿಯ ಹಿಂಬದಿಗೆ ಸಿಕ್ಕಿಸಿ ತೆಗೆಯಬಲ್ಲ ಮೋಟಾರನ್ನು ತೋರಿಸಿದ. ಈಗಿನ ಔಟ್‌ಬೋರ್ಡಿನ ಮೂಲ ಅದು. ಜರ್ಮನಿಯ ಕೋನಿಗ್ಸ್‌ಜೀ ಸರೋವರದಲ್ಲಿ 1909ರಿಂದ ಪ್ರವಾಸಿಗರನ್ನು ಸುತ್ತಾಡಿಸುತ್ತಿರುವುದು ವಿದ್ಯುತ್ ದೋಣಿಗಳೇ. ಪೆಟ್ರೋಲ್ ಅಗ್ಗವಾದಾಗ ಉಳಿದೆಡೆ ಇವು ಮರೆಗೆ ಸರಿದವು. ಸುತ್ತಲೂ ಬೆಟ್ಟವಿರುವ, ನಿಂತ ನೀರಿನ, ದಿನವೂ ಅದೇ ಘಟ್ಟಕ್ಕೆ ಮರಳುವ ಓಡಾಟವಿದ್ದ ಸರೋವರದಲ್ಲಿ ಮಾತ್ರ ಉಳಿದುಕೊಂಡವು.

ಇನ್ನು ದಕ್ಷಿಣದ ದಾರಿ. ಮಸ್ಕಿಯಿಂದ ಮೂವತ್ತು ಕಿ.ಮೀ. ಹತ್ತಿರ ಬಂದರೆ ಸಿಂಧನೂರು. ನೆಲದ ಬಣ್ಣವೇ ಬದಲಾಗುತ್ತದೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಕಂಡ ಭತ್ತದ ಗದ್ದೆಗಳು, ರೈಸ್ ಮಿಲ್ಲುಗಳು, ರಸ್ತೆಯುದ್ದಕ್ಕೂ ಟ್ರ್ಯಾಕ್ಟರುಗಳು. ದೋಣಿಯ ಮಾತಿಗೆ ಈ ಊರು ಬೇಕಾಗುವುದು ನೀರಿಗಾಗಿ ಅಲ್ಲ, ಕೈಗಳಿಗಾಗಿ. ಪಂಪ್‌ಸೆಟ್ಟುಗಳನ್ನೇ ನಂಬಿದ ಈ ಸೀಮೆಯ ಪೇಟೆಗಳಲ್ಲೆಲ್ಲ ಮೋಟಾರ್ ವೈಂಡಿಂಗ್ ಅಂಗಡಿಗಳಿವೆ. ಸುಟ್ಟ ಸಬ್‌ಮರ್ಸಿಬಲ್ ಮೋಟಾರನ್ನು ಬಿಚ್ಚಿ, ಕಪ್ಪಾದ ಸುರುಳಿಗಳನ್ನು ಕಿತ್ತು, ಹೊಸ ತಾಮ್ರದ ತಂತಿಯನ್ನು ಸುತ್ತು ಸುತ್ತು ಎಣಿಸಿ ಸುತ್ತಿ, ವಾರ್ನಿಷ್ ಹೊಯ್ದು ಒಣಗಿಸುವ ಕೈಗಳು ಅಲ್ಲಿವೆ. ನೀರಿನಲ್ಲಿ ಮುಳುಗಿ ದುಡಿಯುವ ಮೋಟಾರಿಗೆ ಸೀಲು ಹೇಗಿರಬೇಕು, ಶಾಫ್ಟಿನ ಬಳಿ ನೀರು ನುಗ್ಗದಂತೆ ಏನು ಮಾಡಬೇಕು ಎಂಬುದನ್ನು ಇವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ವರ್ಟರ್ ಮತ್ತು ಬ್ಯಾಟರಿ ಅಂಗಡಿಗಳೂ ಇದೇ ಸಾಲಿನಲ್ಲಿ ಸಿಗುತ್ತವೆ. ದೋಣಿ ಪರಿವರ್ತನೆಯೆಂದರೆ ಹೊರದೇಶದ ಔಟ್‌ಬೋರ್ಡ್ ತರಿಸುವುದು ಎಂದೇ ಭಾವಿಸುವವರು ಈ ಅಂಗಡಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ದೊಡ್ಡ ಲೋಪ. ಹಾಳಾದ ಭಾಗ ಮೂವತ್ತು ಕಿ.ಮೀ. ಒಳಗೆ ರಿಪೇರಿಯಾಗದಿದ್ದರೆ ಹಂಗಾಮಿನ ನಡುವೆ ದೋಣಿ ವಾರಗಟ್ಟಲೆ ದಂಡೆಯಲ್ಲಿ ಒಣಗುತ್ತದೆ, ಮಾಲೀಕ ಮತ್ತೆ ಹಳೆಯ ಎಂಜಿನ್ನಿಗೇ ಮರಳುತ್ತಾನೆ.

ಕೆಲಸದ ವಿಧಾನ ಎಂಜಿನ್ ಕೂತ ಜಾಗವನ್ನು ಅವಲಂಬಿಸಿದೆ. ಹಿಂಬದಿಗೆ ನೇತುಹಾಕಿದ ಔಟ್‌ಬೋರ್ಡ್ ಆದರೆ ಅದನ್ನೇ ಇಳಿಸಿ ವಿದ್ಯುತ್ ಔಟ್‌ಬೋರ್ಡ್ ಏರಿಸುವುದು ಸರಳ ದಾರಿ. ಹಳೆಯದರ ತಲೆಯನ್ನಷ್ಟೇ, ಅಂದರೆ ಎಂಜಿನ್ ಭಾಗವನ್ನಷ್ಟೇ ತೆಗೆದು, ನೀರಿಗಿಳಿಯುವ ಕಾಲಿನ ಮೇಲೆ ವಿದ್ಯುತ್ ಮೋಟಾರು ಕೂರಿಸುವುದು ಅಗ್ಗದ ದಾರಿ. ಒಡಲೊಳಗೆ ಡೀಸೆಲ್ ಎಂಜಿನ್ ಇರುವ ದೋಣಿಯಲ್ಲಿ ಎಂಜಿನ್, ಟ್ಯಾಂಕು, ಹೊಗೆ ಕೊಳವೆ ಮೂರೂ ಹೊರಬರುತ್ತವೆ. ಶಾಫ್ಟು, ಚುಕ್ಕಾಣಿ ಉಳಿಯುತ್ತವೆ. ನೂರಾರು ಕೆ.ಜಿ. ತೂಗುವ ಎಂಜಿನ್ ಹೋಗಿ ಇಪ್ಪತ್ತು ಮೂವತ್ತು ಕೆ.ಜಿ.ಯ ಮೋಟಾರು ಬಂದಾಗ ದೋಣಿಯ ಹಿಂಭಾಗ ಮೇಲೆದ್ದು ಮೂಗು ಬಾಗುತ್ತದೆ. ಬ್ಯಾಟರಿಯನ್ನು ಎಲ್ಲಿ ಇಡಬೇಕೆಂಬುದನ್ನು ಈ ವಾಲುವಿಕೆಯೇ ನಿರ್ಧರಿಸುತ್ತದೆ. ಭಾರ ದೋಣಿಯ ತಳದಲ್ಲಿ, ಆದಷ್ಟು ನಡುಮಧ್ಯೆ ಇದ್ದರೆ ದೋಣಿ ಸ್ಥಿರವಾಗಿರುತ್ತದೆ, ಬದಿಗೆ ಜನ ಒಟ್ಟಿಗೆ ಎದ್ದು ನಿಂತರೂ ಅಷ್ಟು ಹೊರಳುವುದಿಲ್ಲ. ತಳದಲ್ಲಿ ನಿಲ್ಲುವ ನೀರು ಮುಟ್ಟದಷ್ಟು ಎತ್ತರವೂ ಇರಬೇಕು.

ಪ್ರೊಪೆಲ್ಲರನ್ನು ಹಾಗೇ ಬಿಡುವವರೇ ಹೆಚ್ಚು. ಇದೂ ಸರಿಯಲ್ಲ. ಪೆಟ್ರೋಲ್ ಎಂಜಿನ್ನಿಗೆ ಬಲ ಬರುವುದು ಜೋರಾಗಿ ತಿರುಗಿದಾಗ, ಹಾಗಾಗಿ ಅದರ ಪ್ರೊಪೆಲ್ಲರ್ ಸಣ್ಣದು. ವಿದ್ಯುತ್ ಮೋಟಾರು ಮೊದಲ ಸುತ್ತಿನಿಂದಲೇ ಪೂರ್ತಿ ತಿರುಚುಬಲ ಕೊಡುತ್ತದೆ. ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸಿದರೆ ಅದೇ ಕರೆಂಟಿನಲ್ಲಿ ಹೆಚ್ಚು ನೂಕು ಸಿಗುತ್ತದೆ. ಇನ್ನು ವೈರಿಂಗ್. ಸಣ್ಣ ದೋಣಿಗಳಿಗೆ 48 ವೋಲ್ಟ್ ರೂಢಿ, ಏಕೆಂದರೆ ಒದ್ದೆ ಕೈ ತಾಗಿದರೂ ಪ್ರಾಣಾಪಾಯ ಕಡಿಮೆ. ಆದರೆ 5 ಕಿಲೋವ್ಯಾಟ್ ಮೋಟಾರು 48 ವೋಲ್ಟಿನಲ್ಲಿ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಕೇಬಲ್ ತೆಳುವಾಗಿದ್ದರೆ, ತುದಿಯ ಲಗ್ ಸಡಿಲವಾಗಿದ್ದರೆ ಅಲ್ಲೇ ಬಿಸಿಯಾಗಿ ಕರಗುತ್ತದೆ. ಬ್ಯಾಟರಿಗೆ ತೀರ ಹತ್ತಿರದಲ್ಲಿ ಫ್ಯೂಸು, ದೋಣಿ ನಡೆಸುವವನ ಕೈಗೆಟುಕುವಲ್ಲಿ ಪೂರ್ತಿ ಕಡಿತಗೊಳಿಸುವ ಸ್ವಿಚ್ಚು, ಇವೆರಡರಲ್ಲಿ ಉಳಿತಾಯ ನೋಡಬಾರದು.

ಗಂಗಾವತಿ ದಾಟಿದ ಮೇಲೆ ಬಂಡೆಗಳ ರಾಶಿ ಶುರುವಾಗುತ್ತದೆ. ಆನೆಗೊಂದಿ, ಆಚೆ ದಂಡೆಗೆ ಹಂಪಿ. ವಿರೂಪಾಕ್ಷ ಗುಡಿಯ ಬಳಿಯಿಂದ ವಿರೂಪಾಪುರ ಗಡ್ಡೆಗೆ ಪ್ರವಾಸಿಗರನ್ನು ದಾಟಿಸುತ್ತ ಬಂದದ್ದು ಮೋಟಾರು ದೋಣಿ. ಕೆಲವೇ ನಿಮಿಷಗಳ ದಾರಿ, ಎದುರು ಬದುರು ಘಟ್ಟ. ನೀರು ತಗ್ಗಿದ ತಿಂಗಳುಗಳಲ್ಲಿ ಇಷ್ಟು ಚಿಕ್ಕ ಓಡಾಟಕ್ಕೆ ವಿದ್ಯುತ್ ಚೆನ್ನಾಗಿ ಹೊಂದುತ್ತದೆ. ಆದರೆ ಇಲ್ಲಿಯೂ ಹೊಳೆ ಹೊಳೆಯೇ. 2019ರ ಆಗಸ್ಟಿನಲ್ಲಿ ಮೇಲಿನ ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದು, ಅವರನ್ನು ಹೆಲಿಕಾಪ್ಟರಿನಲ್ಲೂ ದೋಣಿಯಲ್ಲೂ ಕರೆತರಬೇಕಾಯಿತು. ನೀರು ಏರಿದಾಗ ಯಾವ ದೋಣಿಯೂ ಇಳಿಯಬಾರದು ಎಂಬ ನಿಯಮ ವಿದ್ಯುತ್ ದೋಣಿಗೆ ಇನ್ನಷ್ಟು ಬಿಗಿಯಾಗಿ ಅನ್ವಯಿಸಬೇಕು.

ಈ ಹೊಳೆಯಲ್ಲಿ ಸದ್ದಿಲ್ಲದ ದೋಣಿ ಬೇಕೆನ್ನಲು ಮನುಷ್ಯರಿಗಿಂತ ದೊಡ್ಡ ಕಾರಣವೊಂದಿದೆ. ಜಲಾಶಯದ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ಹರಿವನ್ನು ಕರ್ನಾಟಕ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಬಂಡೆ ಸಂದುಗಳಲ್ಲಿ ಮರಿ ಮಾಡುವ, ಗುಂಪಾಗಿ ಮೀನು ಹಿಡಿಯುವ ಈ ಪ್ರಾಣಿಗಳು ಒಂದನ್ನೊಂದು ಕೂಗಿ ಕರೆಯುತ್ತಲೇ ಬದುಕುತ್ತವೆ. ಎಂಜಿನ್ ಸದ್ದು ನೀರಿನ ಮೇಲೆಯೂ ಒಳಗೂ ದೂರ ಹಬ್ಬುತ್ತದೆ, ಆಯಿಲ್ಲಿನ ಪದರ ತುಪ್ಪಳಕ್ಕೆ ಅಂಟುತ್ತದೆ. ಇವೆರಡೂ ತಪ್ಪಿದರೆ ಅಷ್ಟರ ಮಟ್ಟಿಗೆ ಹೊಳೆ ಅವುಗಳಿಗೆ ಮರಳಿ ಸಿಕ್ಕಂತೆ. ಆದರೂ ನೀರುನಾಯಿ ಮರಿ ಮಾಡುವ ಬಂಡೆಗಳ ಹತ್ತಿರ ಸದ್ದಿಲ್ಲದ ದೋಣಿಯೂ ಹೋಗದಿರುವುದೇ ಮೇಲು.

ಆನೆಗೊಂದಿಯಿಂದ ಸ್ವಲ್ಪ ದೂರದಲ್ಲಿ ಸಾಣಾಪುರ. ಎಡದಂಡೆ ನಾಲೆಯ ನೀರನ್ನು ಹಿಡಿದು ಸಮತೋಲನದಲ್ಲಿಡಲು ಕಟ್ಟಿದ ಜಲಾಶಯ ಇದು. ಸುತ್ತಲೂ ಬಂಡೆಗುಡ್ಡ, ನಡುವೆ ನಿಂತ ನೀರು. ಇಲ್ಲಿ ಹೆಸರಾದದ್ದು ಹರಿಗೋಲಿನ ಸವಾರಿ, ಅದು ಹಾಗೇ ಉಳಿಯಬೇಕು. ಇಂಥ ನೀರಿಗೆ ಮೋಟಾರು ದೋಣಿ ಇಳಿಯುವುದಾದರೆ ಅದು ವಿದ್ಯುತ್ತಿನದೇ ಆಗಿರಬೇಕು ಎನ್ನಲು ಲೆಕ್ಕವೂ ಬೆಂಬಲಕ್ಕಿದೆ. ಎಂಟು ಜನ ಕೂರುವ 6 ಮೀಟರಿನ ದೋಣಿ ನಿಧಾನಗತಿಯಲ್ಲಿ ಸುಮಾರು 2.5 ಕಿಲೋವ್ಯಾಟ್ ಬಳಸುತ್ತದೆ ಎಂದುಕೊಳ್ಳಬಹುದು. ಇಪ್ಪತ್ತು ನಿಮಿಷದ ಒಂದು ಸುತ್ತಿಗೆ ಒಂದು ಯೂನಿಟ್ಟಿಗಿಂತ ಕಡಿಮೆ. ದಿನಕ್ಕೆ ಹತ್ತು ಸುತ್ತಾದರೂ ಎಂಟೂವರೆ ಯೂನಿಟ್ ದಾಟುವುದಿಲ್ಲ. ಆಪತ್ತಿನ ಪಾಲು ಸೇರಿಸಿ, ಬ್ಯಾಟರಿಯನ್ನು ಪೂರ್ತಿ ಬರಿದಾಗಿಸದೆ ಬಳಸಿದರೆ 14 ಯೂನಿಟ್ಟಿನ ಬ್ಯಾಟರಿ ಸಾಕು. ತೂಕ 140 ಕೆ.ಜಿ., ಅಂದರೆ ಇಬ್ಬರು ಪ್ರಯಾಣಿಕರಷ್ಟು.

ಚಾರ್ಜು ಮಾಡಲು ವಿಶೇಷ ಲೈನೂ ಬೇಕಿಲ್ಲ. ಹಳ್ಳಿಗಳ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬರುವುದು ದಿನದ ಕೆಲವೇ ಗಂಟೆ. ಆದರೆ ಮನೆಗಳಿಗೆ ಬರುವ ಸಿಂಗಲ್ ಫೇಸಿನ 16 ಆಂಪಿಯರ್ ಪ್ಲಗ್ಗೇ ಈ ಬ್ಯಾಟರಿಯನ್ನು ರಾತ್ರಿ ಸುಮಾರು ನಾಲ್ಕು ತಾಸಿನಲ್ಲಿ ತುಂಬಿಸುತ್ತದೆ. ಆ ಕರೆಂಟಿನ ಮೂಲದ ಪ್ರಶ್ನೆಯನ್ನೂ ಬಿಡುವಂತಿಲ್ಲ. ಇದೇ ಎಡೆದೊರೆಯ ಅಂಚಿನಲ್ಲಿ, ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ, 1985ರಲ್ಲಿ ಮೊದಲ ಘಟಕ ಶುರುವಾಗಿ ಈಗ 1,720 ಮೆಗಾವ್ಯಾಟ್ ಸಾಮರ್ಥ್ಯವಿರುವ ರಾಯಚೂರು ಶಾಖೋತ್ಪನ್ನ ಕೇಂದ್ರ ಕಲ್ಲಿದ್ದಲು ಸುಡುತ್ತಿದೆ. ರಾತ್ರಿಯ ಪ್ಲಗ್ಗಿನಿಂದ ತುಂಬಿದ ದೋಣಿ ನೀರಿನ ಮೇಲೆ ಹೊಗೆ ಬಿಡದಿದ್ದರೂ ಹೊಗೆಯ ಒಂದು ಪಾಲು ಬೇರೆಡೆ ಏಳುತ್ತದೆ. ಅದಕ್ಕೆ ಉತ್ತರ ಈ ಸೀಮೆಯ ಬಿಸಿಲೇ. ಪ್ರವಾಸಿಗರಿಗೆ ಹೇಗೂ ನೆರಳಿನ ಚಾವಣಿ ಬೇಕು. ಆ ಚಾವಣಿಯೇ ಸೌರ ಫಲಕವಾದರೆ 2 ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 8 ಯೂನಿಟ್ ಹತ್ತಿರ ಕೊಡುತ್ತದೆ, ದಿನದ ಖರ್ಚು ಬಹುಮಟ್ಟಿಗೆ ಅಲ್ಲೇ ಹುಟ್ಟುತ್ತದೆ. ಅದೇ ಬಿಸಿಲಿನ ಇನ್ನೊಂದು ಮುಖ ಏಪ್ರಿಲ್, ಮೇ ತಿಂಗಳ ಸೆಖೆ. ಹಲಗೆಯ ಕೆಳಗೆ ಮುಚ್ಚಿದ ಪೆಟ್ಟಿಗೆಯೊಳಗಿನ ಉಷ್ಣತೆ 45 ಡಿಗ್ರಿ ದಾಟಿದಾಗ ಲಿಥಿಯಂ ಬ್ಯಾಟರಿಗೆ ಚಾರ್ಜು ಹಾಕುವುದು ಅದರ ಆಯುಸ್ಸನ್ನು ತಿನ್ನುತ್ತದೆ. ಪೆಟ್ಟಿಗೆಗೆ ಗಾಳಿಯಾಡಲು ದಾರಿ ಬೇಕು, ಮಧ್ಯಾಹ್ನ ದೋಣಿ ನೆರಳಿನಲ್ಲಿ ನಿಲ್ಲಬೇಕು.

ಮುಂದಿನದು ತುಂಗಭದ್ರಾ ಜಲಾಶಯ. 1953ರಲ್ಲಿ ಸಿದ್ಧವಾದ ಅಣೆಕಟ್ಟಿನ ಹಿಂದೆ ಸುಮಾರು 378 ಚದರ ಕಿ.ಮೀ. ಹರಡಿಕೊಂಡ ನೀರು. ಕಣ್ಣಿಗೆ ಇದೂ ನಿಂತ ನೀರೇ, ಆದರೆ ಗಾಳಿಗೆ ಇಲ್ಲಿ ಓಡಲು ಮೈದಾನವಿದೆ. ಎದುರುಗಾಳಿಯಲ್ಲಿ ಮರಳುವಾಗ ಖರ್ಚು ಲೆಕ್ಕ ಮೀರುತ್ತದೆ, ಸೌರ ಚಾವಣಿಯೇ ಗಾಳಿಗೆ ಅಡ್ಡವಾಗುತ್ತದೆ. ದಂಡೆಯ ಕೊಲ್ಲಿಗಳಲ್ಲಷ್ಟೇ ಸುತ್ತುವ ಓಡಾಟಕ್ಕೆ ಈ ನೀರು ತಕ್ಕದ್ದು. ಅದಕ್ಕಿಂತ ದೊಡ್ಡ ತೊಡಕು ಘಟ್ಟದ್ದು. ಪೂರ್ಣಮಟ್ಟ 1,633 ಅಡಿ ಇರುವ ಈ ಜಲಾಶಯ ಬೇಸಿಗೆಯ ಹೊತ್ತಿಗೆ ಎಷ್ಟೋ ಅಡಿ ಇಳಿದು, ದಂಡೆ ದೂರ ದೂರ ಸರಿದು, ನಡುವೆ ಬಿರುಕುಬಿಟ್ಟ ಹೂಳು ಉಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗಲಂತೂ ತುಂಬಿದ್ದ ನೀರನ್ನು ದಿನಗಳಲ್ಲೇ ಇಳಿಸಬೇಕಾಯಿತು. ಹಾಗಾಗಿ ಚಾರ್ಜಿಂಗ್ ಕಂಬವನ್ನು ಸಿಮೆಂಟಿನಲ್ಲಿ ನೆಟ್ಟರೆ ಅರ್ಧ ವರ್ಷ ಅದು ನೀರಿನಿಂದ ದೂರ ನಿಂತಿರುತ್ತದೆ. ತೇಲುವ ಘಟ್ಟ, ಅದರ ಮೇಲೇ ಫಲಕಗಳು, ಇಲ್ಲವೇ ಇಬ್ಬರು ಎತ್ತಿ ಒಯ್ಯಬಲ್ಲಂತೆ ಬ್ಯಾಟರಿಯನ್ನು ತುಂಡು ತುಂಡಾಗಿ ಮಾಡುವುದು, ಈ ಎರಡರಲ್ಲೊಂದು ಆಗಬೇಕು.

ದೇಶದ ಇತರೆಡೆಯ ಅನುಭವ ಎರಡು ಬಗೆಯದು. ಕೇರಳದ ವೈಕಂ–ತವಣಕ್ಕಡವು ನಡುವೆ 2017ರ ಜನವರಿಯಿಂದ ಓಡುತ್ತಿರುವ 75 ಆಸನಗಳ ಸೌರ ದೋಣಿ ‘ಆದಿತ್ಯ’ ಹಳೆಯದನ್ನು ಬದಲಿಸಿದ್ದಲ್ಲ, ಹೊಸದಾಗಿ ಕಟ್ಟಿದ್ದು. ಎರಡು ಸಪೂರ ಒಡಲು, ಹಗುರ ಮೈ, 20 ಕಿಲೋವ್ಯಾಟಿನ ಎರಡು ಮೋಟಾರು. ಒಡಲನ್ನೇ ವಿದ್ಯುತ್ತಿಗೆ ತಕ್ಕಂತೆ ಕೆತ್ತಿದ್ದರಿಂದ ಸಿಕ್ಕ ಗೆಲುವು ಅದು. ಕಾಶಿಯ ಘಟ್ಟಗಳಲ್ಲಿ ಆದದ್ದು ನಿಜವಾದ ಪರಿವರ್ತನೆ. ಆದರೆ ಅಲ್ಲಿ ನೂರಾರು ಡೀಸೆಲ್ ದೋಣಿಗಳು ಹೊರಳಿದ್ದು ಸಿಎನ್‌ಜಿಗೆ. ಗಂಗೆಯ ಹರಿವು, ಭಾರದ ಮರದ ದೋಣಿ, ದಿನವಿಡೀ ಓಡಾಟ ಮೂರೂ ಸೇರಿದಲ್ಲಿ ಗ್ಯಾಸ್ ಒಪ್ಪಿತವಾಯಿತು. ಎಡೆದೊರೆಯ ನೀರುಗಳಿಗೆ ಎರಡರಿಂದಲೂ ಪಾಠವಿದೆ: ಸೋರುವ, ನೀರು ಕುಡಿದು ಭಾರವಾದ ಒಡಲಿಗೆ ಬ್ಯಾಟರಿ ಹೊರಿಸುವುದಕ್ಕಿಂತ ಹೊಸ ಹಗುರ ದೋಣಿ ಕಟ್ಟಿಸುವುದೇ ಲೇಸು.

ಕಾನೂನಿನ ಮಾತೂ ಇದೆ. 1917ರ ಹಳೆಯ ಕಾಯ್ದೆಯ ಜಾಗದಲ್ಲಿ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯ ಕಣ್ಣಿಗೆ ವಿದ್ಯುತ್ ಮೋಟಾರಿನ ದೋಣಿಯೂ ಯಂತ್ರಚಾಲಿತವೇ. ನೋಂದಣಿಯಿರುವ ದೋಣಿಯ ಎಂಜಿನ್ ಬದಲಾದರೆ ಅದನ್ನು ತಿಳಿಸಿ ಮತ್ತೆ ತಪಾಸಣೆಗೆ ಒಪ್ಪಿಸಬೇಕು. ತೂಕ ಬದಲಾದ್ದರಿಂದ ಎಷ್ಟು ಜನ ಕೂರಬಹುದೆಂಬ ಸಂಖ್ಯೆಯೂ ಮರುನಿಗದಿಯಾಗಬೇಕು. 2024ರ ಜನವರಿಯಲ್ಲಿ ಕೇಂದ್ರ ಸರ್ಕಾರ ‘ಹರಿತ್ ನೌಕಾ’ ಮಾರ್ಗಸೂಚಿಯ ಮೂಲಕ ಒಳನಾಡಿನ ಹಡಗು ದೋಣಿಗಳನ್ನು ಶುದ್ಧ ಇಂಧನಕ್ಕೆ ತರುವ ಗುರಿ ಇಟ್ಟಿದೆ. ಜಲಾಶಯಗಳಲ್ಲಿ ಇದರ ಜೊತೆಗೆ ನೀರಾವರಿ ಅಧಿಕಾರಿಗಳ ಒಪ್ಪಿಗೆ ಬೇಕು, ಹೊಳೆಯ ಸಂರಕ್ಷಿತ ಭಾಗದಲ್ಲಿ ಅರಣ್ಯ ಇಲಾಖೆಯದೂ ಬೇಕು. ಲೈಫ್ ಜಾಕೆಟ್ಟಿನ ನಿಯಮ ಎಂಜಿನ್ ಬದಲಾದ ಮಾತ್ರಕ್ಕೆ ಸಡಿಲವಾಗುವುದಿಲ್ಲ.

ಕಳಚಿದ ಸಾಮಾನಿನ ವಿಲೇವಾರಿಯೂ ಇದೇ ಕೆಲಸದ ಭಾಗ. ಹಳೆಯ ಎಂಜಿನ್ನಿನ ಆಯಿಲ್ಲನ್ನು ದಂಡೆಯಲ್ಲಿ ಚೆಲ್ಲದೆ ಡಬ್ಬಿಗೆ ಇಳಿಸಿಕೊಳ್ಳಬೇಕು, ಟ್ಯಾಂಕಿದ್ದ ಜಾಗವನ್ನು ಒರೆಸಿ ಒಣಗಿಸಿದ ನಂತರವೇ ವೈರಿಂಗ್ ಶುರುವಾಗಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡು ಮೂರು ಸಾವಿರ ಸಲ ತುಂಬಿ ಇಳಿಯುತ್ತದೆ. ದಿನಕ್ಕೊಮ್ಮೆ ಚಾರ್ಜಾಗುವ ಹಂಗಾಮಿನ ದೋಣಿಯಲ್ಲಿ ಇದು ಎಂಟು ಹತ್ತು ವರ್ಷದ ಬಾಳಿಕೆ. ಸಾಮರ್ಥ್ಯ ಮುಕ್ಕಾಲಿಗೆ ಇಳಿದ ಬ್ಯಾಟರಿಯನ್ನು ದೋಣಿಯಿಂದ ಇಳಿಸಿ ಘಟ್ಟದ ದೀಪಗಳಿಗೆ ಇನ್ನೂ ಕೆಲವು ವರ್ಷ ದುಡಿಸಬಹುದು. ಅದೂ ಮುಗಿದ ಮೇಲೆ ಗುಜರಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು, ಕೊಳ್ಳುವಾಗಲೇ ಬಿಲ್ಲಿನ ಜೊತೆ ಅದರ ಖಾತ್ರಿಯನ್ನು ಬರೆಸಿಕೊಳ್ಳಬೇಕು.